ಗಾಥರು ಮತ್ತು ಗಾಥಿಕ್ ಭಾಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾಷೆಗಳ ಚರಿತ್ರೆಯ ಬಗ್ಗೆ ಮಾತು ತೆಗೆದಾಗಲೆಲ್ಲ ಗಾಥಿಕ್ ಭಾಷೆಯ ಹೆಸರು ಹೇಗೋ ನುಸುಳಿಬಿಡುತ್ತದೆ. ಆಗ ಕೇಳಿಬರುವ ಪ್ರಶ್ನೆಗಳೂ, ಪತ್ರಗಳಲ್ಲಿ ಬರುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು ಬರುತ್ತವೆ, ತಲೆ ತಿನ್ನುವವು ಕೊನೆಗೆ.

## ಮೊದಲ ಪರಿಚಯ

ಗಾಥರು ಎಂದರೆ ಯಾರು? ಶಾಲೆಯಲ್ಲಿ ಹೂಣರು, ವ್ಯಾಂಡಲರು ಎಂದು ಒಂದೇ ಉಸಿರಿನಲ್ಲಿ ಓದಿದ ನೆನಪು ಮಾತ್ರ ಇದೆ.

ಕ್ರಿ.ಶ. 3ನೆಯ ಶತಮಾನದಲ್ಲಿ ಕಪ್ಪು ಸಮುದ್ರದ ಉತ್ತರಕ್ಕೆ, ಇಂದಿನ ಉಕ್ರೇನ್, ಮೊಲ್ಡೋವಾ ಮತ್ತು ರೊಮೇನಿಯದ ಬಯಲುಗಳಲ್ಲಿ ನೆಲೆಸಿದ್ದ ಜರ್ಮಾನಿಕ್ ನುಡಿಯ ಜನ. ರೋಮಿನವರ ದಾಖಲೆಗಳಲ್ಲಿ ಅವರ ಹೆಸರು ಗಟ್ಟಿಯಾಗಿ ಕೇಳಿಬರುವುದು 238ರ ಸುಮಾರಿಗೆ, ಡ್ಯಾನ್ಯೂಬ್ ನದಿಯ ಮುಖದ ಬಳಿಯ ಹಿಸ್ಟ್ರಿಯಾ ಪಟ್ಟಣವನ್ನು ಕೊಳ್ಳೆ ಹೊಡೆದಾಗ. 251ರಲ್ಲಿ ಅಬ್ರಿಟಸ್ ಎಂಬಲ್ಲಿ ಡೇಸಿಯಸ್ ಚಕ್ರವರ್ತಿಯನ್ನೇ ಕೊಂದರು. ಹೊರಗಿನ ಶತ್ರುವಿನ ಜೊತೆ ಕಾದಾಡುತ್ತಾ ಸತ್ತ ಮೊದಲ ರೋಮನ್ ಚಕ್ರವರ್ತಿ ಆತ. ಮುಂದೆ ಇದೇ ಹೆಸರಿನ ಜನ ಇಟಲಿಯನ್ನು ಆಳಿದರು, ಸ್ಪೇನನ್ನು ಆಳಿದರು. ಸ್ಪೇನಿನಲ್ಲಿ ಅವರ ರಾಜ್ಯ 711ರವರೆಗೆ ಉಳಿದಿತ್ತು. ವ್ಯಾಂಡಲರು ಭಾಷೆಯಲ್ಲಿ ಅವರಿಗೆ ಹತ್ತಿರದವರು. ಹೂಣರು ಬೇರೆಯೇ ಜನ, ಗಾಥರ ಬದುಕನ್ನು ಬುಡಮೇಲು ಮಾಡಿದವರು.

ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚು ಗಾಥಿಕ್ ಶೈಲಿಯದು ಎನ್ನುತ್ತಾರೆ. ಆ ಶೈಲಿಯನ್ನು ಗಾಥರು ಕಂಡುಹಿಡಿದರೇ?

ಇಲ್ಲ. ಚೂಪು ಕಮಾನು, ಎತ್ತರದ ಗೋಪುರ, ಬಣ್ಣದ ಗಾಜಿನ ಕಿಟಕಿಗಳ ಆ ಶೈಲಿ ಹುಟ್ಟಿದ್ದು 12ನೆಯ ಶತಮಾನದಲ್ಲಿ, ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್‌ನಲ್ಲಿ. ಅಷ್ಟರಲ್ಲಿ ಗಾಥರ ರಾಜ್ಯಗಳು ಅಳಿದು ನಾನೂರು ವರ್ಷವೇ ಕಳೆದಿತ್ತು. ಗ್ರೀಕ್ ಮತ್ತು ರೋಮನ್ ಕಟ್ಟಡಗಳನ್ನು ಆರಾಧಿಸುತ್ತಿದ್ದ 15–16ನೆಯ ಶತಮಾನದ ಇಟಲಿಯ ಪಂಡಿತರಿಗೆ ಅದು ಹಿಡಿಸಲಿಲ್ಲ. ರೋಮನ್ನು ಕೆಡಿಸಿದ ಕಾಡುಜನರ ಕಟ್ಟಡ ಎಂಬ ಬೈಗುಳವಾಗಿ ಗಾಥರ ಹೆಸರನ್ನು ಅದಕ್ಕೆ ಅಂಟಿಸಿದರು. ಬೈಗುಳ ಸವೆದು ಹೆಸರಷ್ಟೇ ಉಳಿಯಿತು. ಹೇಮಾವತಿ ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿಯ ಪಾಳು ಚರ್ಚಿನವರೆಗೂ ಆ ಹೆಸರು ನಡೆದುಬಂದಿದೆ. 18ನೆಯ ಶತಮಾನದ ಇಂಗ್ಲಿಷ್ ಭೂತಬಂಗಲೆಯ ಕಾದಂಬರಿಗಳಿಗೂ, ಈಗಿನ ಕಪ್ಪು ಉಡುಪಿನ ಸಂಗೀತಪ್ರಿಯರಿಗೂ ಹೆಸರು ದಾಟಿದ್ದು ಇದೇ ದಾರಿಯಲ್ಲಿ.

ಗಾಥಿಕ್ ಭಾಷೆ ಜರ್ಮನ್, ಇಂಗ್ಲಿಷ್ ಭಾಷೆಗಳ ತಾಯಿಯೇ?

ತಾಯಿಯ ತಂಗಿ ಎನ್ನಬಹುದು. ಜರ್ಮಾನಿಕ್ ಭಾಷೆಗಳಿಗೆ ಮೂರು ಕವಲು. ಇಂಗ್ಲಿಷ್, ಡಚ್, ಜರ್ಮನ್ ಪಶ್ಚಿಮದ ಕವಲಿಗೆ ಸೇರಿದರೆ ಸ್ವೀಡಿಷ್, ಡ್ಯಾನಿಷ್, ಐಸ್‌ಲ್ಯಾಂಡಿಕ್ ಉತ್ತರದವು. ಗಾಥಿಕ್ ಪೂರ್ವದ ಕವಲಿನದು. ಆ ಕವಲು ಸಂಪೂರ್ಣ ಒಣಗಿಹೋಗಿದೆ. ವ್ಯಾಂಡಲರ, ಬರ್ಗಂಡಿಯರ ನುಡಿಗಳಲ್ಲಿ ಉಳಿದಿರುವುದು ಬಹುಮಟ್ಟಿಗೆ ಹೆಸರುಗಳು ಮಾತ್ರ. ಪುಟಗಟ್ಟಲೆ ಬರವಣಿಗೆ ಉಳಿಸಿಕೊಂಡದ್ದು ಗಾಥಿಕ್ ಒಂದೇ. ಜರ್ಮಾನಿಕ್ ಕುಟುಂಬದಲ್ಲೇ ಇಷ್ಟು ಹಳೆಯ, ಇಷ್ಟು ದೀರ್ಘವಾದ ಪಠ್ಯ ಬೇರೊಂದಿಲ್ಲ. ಇಂಗ್ಲಿಷಿನ ದೊಡ್ಡ ಪಠ್ಯಗಳು ಬರುವುದಕ್ಕೆ ಇನ್ನೂ ಮೂರು ನಾಲ್ಕು ಶತಮಾನ ಕಾಯಬೇಕಿತ್ತು. ವಿದ್ವಾಂಸರು ಇದರ ಬೆನ್ನು ಬಿಡದಿರುವುದಕ್ಕೆ ಕಾರಣ ಇದೇ.

## ಚರಿತ್ರೆ

ರೋಮ್ ಸಾಮ್ರಾಜ್ಯದೊಳಕ್ಕೆ ಅವರು ನುಗ್ಗಿದ್ದು ಏಕೆ?

ನುಗ್ಗಿದರು ಎನ್ನುವುದು ರೋಮಿನವರ ಕಡೆಯ ಮಾತು. 376ರಲ್ಲಿ ಹೂಣರ ಹೊಡೆತ ತಾಳಲಾರದೆ ಸಾವಿರಾರು ಗಾಥ್ ಕುಟುಂಬಗಳು ಡ್ಯಾನ್ಯೂಬ್ ದಂಡೆಗೆ ಬಂದು ನಿಂತವು, ನದಿ ದಾಟಲು ಅಪ್ಪಣೆ ಕೇಳಿದವು. ವ್ಯಾಲೆನ್ಸ್ ಚಕ್ರವರ್ತಿ ಒಪ್ಪಿದ. ಸೈನ್ಯಕ್ಕೆ ಆಳು ಸಿಗುತ್ತಾರೆ ಎಂಬ ಲೆಕ್ಕಾಚಾರ ಅವನದು. ಆದರೆ ದಂಡೆಯಲ್ಲಿದ್ದ ರೋಮನ್ ಅಧಿಕಾರಿಗಳು ಹಸಿದವರಿಗೆ ಧಾನ್ಯ ಕೊಡದೆ ವ್ಯಾಪಾರಕ್ಕಿಳಿದರು. ಒಂದು ನಾಯಿಯ ಮಾಂಸಕ್ಕೆ ಬದಲಾಗಿ ಒಬ್ಬ ಗುಲಾಮ, ಹೀಗೆ ಗಾಥರು ತಮ್ಮ ಮಕ್ಕಳನ್ನೇ ಮಾರಬೇಕಾಯಿತು. ಇದನ್ನು ಬರೆದಿಟ್ಟವನು ಗಾಥರ ಪಕ್ಷಪಾತಿಯಲ್ಲ. ರೋಮ್ ಸೈನ್ಯದಲ್ಲೇ ಕೆಲಸ ಮಾಡಿದ್ದ ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲಿನಸ್.

ದಂಗೆ ಎದ್ದಿತು. 378ರ ಆಗಸ್ಟ್ 9ರಂದು, ಈಗ ತುರ್ಕಿಯ ಎದಿರ್ನೆ ಆಗಿರುವ ಏಡ್ರಿಯಾನೋಪಲ್ ಬಳಿ ಎರಡು ಪಡೆಗಳೂ ಎದುರಾದವು. ಪಶ್ಚಿಮದಿಂದ ಹೊರಟಿದ್ದ ನೆರವಿನ ಸೈನ್ಯ ಬರುವವರೆಗೆ ಕಾಯಲು ವ್ಯಾಲೆನ್ಸ್‌ಗೆ ತಾಳ್ಮೆ ಇರಲಿಲ್ಲ. ಬಿಸಿಲಿನಲ್ಲಿ ನಡೆದು ದಣಿದ ಅವನ ಸೈನ್ಯದ ಮೂರನೆಯ ಎರಡು ಪಾಲು ಅಂದು ಉಳಿಯಲಿಲ್ಲ. ಅವನ ಶವವೂ ಸಿಗಲಿಲ್ಲ. 382ರಲ್ಲಿ ಥಿಯೊಡೋಸಿಯಸ್ ಒಪ್ಪಂದ ಮಾಡಿಕೊಂಡು ಗಾಥರಿಗೆ ಸಾಮ್ರಾಜ್ಯದೊಳಗೇ ನೆಲ ಕೊಟ್ಟ. ಯುರೋಪಿನ ಚರಿತ್ರೆಯ ದಿಕ್ಕನ್ನು ತಿರುಗಿಸಿದ ಆ ಯುದ್ಧದ ಹಿಂದೆ ಇದ್ದದ್ದು ಕಾಳಸಂತೆಯ ಧಾನ್ಯ ಎಂಬುದನ್ನು ಪಠ್ಯಪುಸ್ತಕಗಳು ಬೇಗ ಮರೆಯುತ್ತವೆ.

ರೋಮ್ ನಗರವನ್ನು ಸುಟ್ಟು ಬೂದಿ ಮಾಡಿದವರು ಇವರೇ ಅಲ್ಲವೇ?

410ರ ಆಗಸ್ಟ್ 24ರಂದು ಅಲಾರಿಕ್ ಎಂಬ ನಾಯಕನ ಪಡೆ ನಗರವನ್ನು ಹೊಕ್ಕು ಮೂರು ದಿನ ಸೂರೆ ಮಾಡಿದ್ದು ನಿಜ. ಎಂಟು ನೂರು ವರ್ಷಗಳಿಂದ ಯಾವ ವಿದೇಶಿ ಶತ್ರುವೂ ಕಾಲಿಡದ ನಗರ ಅದು. ಆದರೆ ಸಂತ ಪೀಟರ್, ಸಂತ ಪೌಲರ ಚರ್ಚುಗಳಲ್ಲಿ ಆಶ್ರಯ ಪಡೆದವರನ್ನು ಮುಟ್ಟಬಾರದೆಂಬ ಆಜ್ಞೆಯೂ ಇತ್ತು. ಅಲಾರಿಕ್ ಸ್ವತಃ ಕ್ರೈಸ್ತ, ಒಂದು ಕಾಲಕ್ಕೆ ರೋಮ್ ಸೈನ್ಯದ ಉನ್ನತ ಪದವಿಯಲ್ಲಿದ್ದವನು. ಬಾಕಿ ಸಂಬಳ, ನೆಲ, ಅಧಿಕಾರ, ಇವಿಷ್ಟು ಅವನ ಬೇಡಿಕೆ. ಚಕ್ರವರ್ತಿ ಹೊನೋರಿಯಸ್ ಮಾತ್ರ ಜೌಗಿನ ನಡುವಿನ ರವೆನ್ನಾದಲ್ಲಿ ಸುರಕ್ಷಿತವಾಗಿ ಕುಳಿತು ಮಾತು ತಪ್ಪುತ್ತಲೇ ಇದ್ದ.

ಅದಕ್ಕೆ ಮೊದಲು, 408ರಲ್ಲಿ, ಅಲಾರಿಕ್ ರೋಮಿಗೆ ಹಾಕಿದ್ದ ಮುತ್ತಿಗೆಯನ್ನು ತೆಗೆಯಲು ಕೇಳಿದ ಕಪ್ಪದ ಪಟ್ಟಿಯನ್ನು ಜೋಸಿಮಸ್ ಎಂಬ ಇತಿಹಾಸಕಾರ ದಾಖಲಿಸಿದ್ದಾನೆ: 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, 4,000 ರೇಷ್ಮೆ ಅಂಗಿಗಳು, ಕಡುಗೆಂಪು ಬಣ್ಣದ 3,000 ಚರ್ಮಗಳು, 3,000 ಪೌಂಡ್ ಕರಿಮೆಣಸು. ರೋಮಿನ ಪೌಂಡು ಈಗಿನದಕ್ಕಿಂತ ಚಿಕ್ಕದು. ಆದರೂ ಮೆಣಸು ಒಂದು ಟನ್ನಿನ ಹತ್ತಿರ ಆಯಿತು. ಆ ಕಾಲದಲ್ಲಿ ಮೆಡಿಟರೇನಿಯನ್ನಿಗೆ ಹೋಗುತ್ತಿದ್ದ ಕರಿಮೆಣಸು ನಮ್ಮ ಪಶ್ಚಿಮ ಕರಾವಳಿಯದು, ಮುಂಗಾರಿನ ಗಾಳಿ ಹಿಡಿದು ಹಡಗಿನಲ್ಲಿ ಹೋದದ್ದು. ಘಟ್ಟದ ಬಳ್ಳಿಯ ಕಾಳು ರೋಮಿನ ಪ್ರಾಣಕ್ಕೆ ಒತ್ತೆಯಾಯಿತು.

ಆಗ ಎರಡಾಗಿದ್ದ ರೋಮ್ ಸಾಮ್ರಾಜ್ಯದ ಪಶ್ಚಿಮದ ಭಾಗ ಮುಗಿದದ್ದು 476ರಲ್ಲಿ, ಓಡೊವಾಕರ್ ಎಂಬ ಸೇನಾನಿಯ ಕೈಯಲ್ಲಿ. 410ಕ್ಕೂ ಅದಕ್ಕೂ ನಡುವೆ ಎರಡು ತಲೆಮಾರು ಕಳೆದಿದ್ದವು.

ವಿಸಿಗಾಥ್ ಎಂದರೆ ಪಶ್ಚಿಮದವರು, ಆಸ್ಟ್ರೊಗಾಥ್ ಎಂದರೆ ಪೂರ್ವದವರು, ಸರಿಯೇ?

ನಕ್ಷೆಯ ಮಟ್ಟಿಗೆ ಸರಿ. ಆದರೆ 4ನೆಯ ಶತಮಾನದಲ್ಲಿ ಕೇಳಿಬರುವ ಹೆಸರುಗಳು ಟೆರ್ವಿಂಗಿ ಮತ್ತು ಗ್ರೂಥುಂಗಿ. ರೋಮಿನ ನೆಲದಲ್ಲಿ ಅಲೆದು, ಬೇರೆ ಬೇರೆ ಗುಂಪುಗಳು ಬೆರೆತು ಎರಡು ಹೊಸ ಜನಸಮೂಹಗಳು ರೂಪುಗೊಂಡ ಮೇಲೆ ಈ ಜೋಡಿ ಹೆಸರು ಬಂತು. 'ವಿಸಿ' ಎನ್ನುವುದಕ್ಕೆ ಮೂಲದಲ್ಲಿ ದಿಕ್ಕಿನ ಜೊತೆ ಸಂಬಂಧವಿರಲಿಲ್ಲ. 6ನೆಯ ಶತಮಾನದವರು ಅಚ್ಚುಕಟ್ಟಾಗಿ ಪೂರ್ವ ಪಶ್ಚಿಮ ಎಂದು ಹಂಚಿದರು. 451ರಲ್ಲಿ ಗಾಲ್ ದೇಶದ (ಇಂದಿನ ಫ್ರಾನ್ಸ್) ಕಟಲೌನಿಯ ಬಯಲಿನಲ್ಲಿ ಹೂಣರ ದೊರೆ ಅಟ್ಟಿಲನ ಮಹಾಯುದ್ಧ ನಡೆದಾಗ ಒಂದು ಗುಂಪು ರೋಮಿನ ಪಕ್ಷದಲ್ಲಿತ್ತು, ಇನ್ನೊಂದು ಅಟ್ಟಿಲನ ಪಕ್ಷದಲ್ಲಿ. ಗಾಥರು ಒಂದೇ ಜನಾಂಗ ಎಂದು ಸಲೀಸಾಗಿ ಹೇಳುವವರು ಇದನ್ನು ನೆನಪಿಡಬೇಕು.

ಇಟಲಿಯನ್ನು ಗಾಥರು ಆಳಿದ್ದು ಹೇಗೆ?

ಥಿಯೊಡೊರಿಕ್ ಎಂಬ ರಾಜನಿಂದ. ಬಾಲ್ಯದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಒತ್ತೆಯಾಳಾಗಿ ಬೆಳೆದವನು. ಪೂರ್ವದ ಚಕ್ರವರ್ತಿ ಇವನನ್ನು ಓಡೊವಾಕರನ ಮೇಲೆ ಛೂ ಬಿಟ್ಟ. 489ರಲ್ಲಿ ಇಟಲಿಗೆ ಇಳಿದು, 493ರಲ್ಲಿ ಸಂಧಿಯ ಔತಣದಲ್ಲೇ ಓಡೊವಾಕರನನ್ನು ತನ್ನ ಕೈಯಾರೆ ಕಡಿದು ಕೊಂದ. ಅಂಥವನು ಮುಂದಿನ ಮೂವತ್ತಮೂರು ವರ್ಷ ಶಾಂತಿಯಿಂದ ಆಳಿದ ಎಂದರೆ ನಂಬುವುದು ಕಷ್ಟ. ಆದರೂ ಆಳಿದ. ಕಾಲುವೆಗಳನ್ನೂ ಗೋಡೆಗಳನ್ನೂ ದುರಸ್ತಿ ಮಾಡಿಸಿದ, ರೋಮನ್ನರಿಗೆ ರೋಮನ್ ಕಾನೂನನ್ನೇ ಬಿಟ್ಟ, ಕ್ಯಾಸಿಯೊಡೊರಸ್‌ನಂಥ ವಿದ್ವಾಂಸರನ್ನು ಕಚೇರಿಯಲ್ಲಿ ಇಟ್ಟುಕೊಂಡ. ಕೊನೆಗಾಲದಲ್ಲಿ ಸಂಶಯ ಹೆಚ್ಚಿ ತತ್ತ್ವಜ್ಞಾನಿ ಬೊಯೆಥಿಯಸ್‌ಗೆ ಮರಣದಂಡನೆ ಕೊಟ್ಟದ್ದು ಅವನ ಹೆಸರಿಗೆ ಅಂಟಿದ ಮಸಿ. 526ರಲ್ಲಿ ಸತ್ತ. ಅವನ ಸಮಾಧಿ ರವೆನ್ನಾದಲ್ಲಿ ಇಂದಿಗೂ ಇದೆ, ಒಂದೇ ಕಲ್ಲಿನ ಚಾವಣಿಯ ಜೊತೆಗೆ. 535ರಲ್ಲಿ ಜಸ್ಟೀನಿಯನ್ ಚಕ್ರವರ್ತಿ ಇಟಲಿಯನ್ನು ಮರಳಿ ಪಡೆಯಲು ಸೈನ್ಯ ಕಳಿಸಿದ. ಇಪ್ಪತ್ತು ವರ್ಷದ ಆ ಯುದ್ಧ ಗಾಥರನ್ನೂ ಇಟಲಿಯನ್ನೂ ಒಟ್ಟಿಗೇ ಹಣ್ಣು ಮಾಡಿತು.

ಇವರನ್ನು ಅರಿಯಸ್ ಪಂಥದವರು ಎನ್ನುತ್ತಾರೆ. ಅಂದರೆ ಆರ್ಯರೇ?

ಎರಡಕ್ಕೂ ಏನೇನೂ ಸಂಬಂಧವಿಲ್ಲ. ಅರಿಯಸ್ ಎಂಬಾತ ಅಲೆಕ್ಸಾಂಡ್ರಿಯದ ಪಾದ್ರಿ. ಯೇಸು ತಂದೆಯಾದ ದೇವರಿಗೆ ಸಮಾನನಲ್ಲ, ಅವನಿಂದ ಸೃಷ್ಟಿಯಾದವನು ಎಂಬುದು ಅವನ ವಾದ. 325ರ ನೈಸಿಯಾ ಸಭೆ ಇದನ್ನು ತಳ್ಳಿಹಾಕಿತು. ಆದರೂ ಮುಂದಿನ ಐವತ್ತು ವರ್ಷ ಇದರ ಮೃದುವಾದ ರೂಪಗಳಿಗೆ ಚಕ್ರವರ್ತಿಗಳ ಬೆಂಬಲ ಸಿಗುತ್ತಲೇ ಇತ್ತು. ಗಾಥರು ಕ್ರೈಸ್ತರಾದದ್ದು ಸರಿಯಾಗಿ ಆ ಅವಧಿಯಲ್ಲಿ. 381ರಲ್ಲಿ ಸಾಮ್ರಾಜ್ಯ ನೈಸಿಯಾದ ಮತಕ್ಕೆ ಮರಳಿತು, ಗಾಥರು ಮರಳಲಿಲ್ಲ. ಆಮೇಲೆ ಅದು ಅವರ ಗುರುತಾಯಿತು. ರೋಮನ್ನರಿಗೆ ಲ್ಯಾಟಿನ್ ಪೂಜೆಯ ಚರ್ಚು, ತಮಗೆ ಗಾಥಿಕ್ ಬೈಬಲ್ಲಿನ ಚರ್ಚು.

ನನ್ನ ಮಟ್ಟಿಗೆ ಈ ಇಡೀ ಕಥೆಯ ತಿರುಗಣೆ ಇರುವುದು ಇಲ್ಲಿ. ಗಾಥಿಕ್ ಬರವಣಿಗೆಯ ಬೆನ್ನಿಗೆ ನಿಂತದ್ದು ಯಾವ ಅರಮನೆಗಿಂತಲೂ ಹೆಚ್ಚಾಗಿ ಈ ಚರ್ಚು. ಸ್ಪೇನಿನಲ್ಲಿ ರೆಕ್ಕಾರೆಡ್ ದೊರೆ ಕ್ಯಾಥೊಲಿಕ್ ಆಗಿ, 589ರ ಟೊಲೆಡೊ ಸಭೆಯಲ್ಲಿ ಇಡೀ ರಾಜ್ಯವನ್ನೇ ಆ ಕಡೆಗೆ ತಂದ. ಇಟಲಿಯಲ್ಲಿ ಜಸ್ಟೀನಿಯನ್ನನ ವಿಜಯದ ನಂತರ ಅವರ ಚರ್ಚುಗಳು ಕ್ಯಾಥೊಲಿಕ್ಕರ ವಶವಾದವು. ನಕಲು ಮಾಡುವವರಿಗೂ ಓದುವವರಿಗೂ ಕಾರಣ ಇಲ್ಲವಾಯಿತು. ಸ್ಪೇನಿನ ಗಾಥ್ ದೊರೆಗಳ ಕಾನೂನು ಗ್ರಂಥಗಳು ಕೂಡ ಲ್ಯಾಟಿನ್ನಿನಲ್ಲೇ ಇವೆ.

ಸ್ಪೇನಿನಲ್ಲಿ ಮೂರು ಶತಮಾನ ಇದ್ದು ಏನೂ ಬಿಟ್ಟುಹೋಗಲಿಲ್ಲವೇ?

ಹೆಸರುಗಳನ್ನು ಬಿಟ್ಟುಹೋದರು. ರೊಡ್ರಿಗೊ, ಫರ್ನಾಂಡೊ, ಗೊನ್ಸಾಲೊ, ಅಲ್ವಾರೊ, ಅಲ್ಫೊನ್ಸೊ, ಎಲ್ವಿರಾ, ಇವೆಲ್ಲ ಗಾಥ್ ಮೂಲದ ಹೆಸರುಗಳೆಂದು ಭಾಷಾಪಂಡಿತರು ಒಪ್ಪುತ್ತಾರೆ. ಗಾಥರ ಕೊನೆಯ ದೊರೆ, 711ರಲ್ಲಿ ಉತ್ತರ ಆಫ್ರಿಕದಿಂದ ಬಂದ ಮುಸ್ಲಿಂ ಸೈನ್ಯದೆದುರು ಸೋತ ರೊಡೆರಿಕ್‌ನ ಹೆಸರೇ ರೊಡ್ರಿಗೊ ಆಯಿತು. ಪೋರ್ಚುಗೀಸರು ಈ ಹೆಸರುಗಳನ್ನು ಹೊತ್ತು ಗೋವೆಗೆ ಬಂದರು. ಅಲ್ಲಿಂದ ಕೆನರಾ ಕರಾವಳಿಗೆ ಬಂದು ನೆಲೆಸಿದ ಕೊಂಕಣಿ ಕ್ಯಾಥೊಲಿಕ್ ಕುಟುಂಬಗಳ ಜೊತೆ ಅವು ಮಂಗಳೂರು, ಉಡುಪಿಗಳನ್ನು ಮುಟ್ಟಿದವು. ಇಂದು ಮಂಗಳೂರಿನ ಯಾವ ಬೀದಿಯಲ್ಲೂ ಸಿಗುವ ರೊಡ್ರಿಗಸ್, ಫೆರ್ನಾಂಡಿಸ್, ಗೊನ್ಸಾಲ್ವಿಸ್ ಎಂಬ ಕುಲನಾಮಗಳ ಹುಟ್ಟು ಅಲ್ಲಿಯದು. ಧಾರವಾಡದ ಆಪೂಸ್ ಮಾವಿನ ಹಣ್ಣಿನ ಹೆಸರು ಕೂಡ ಅಫೊನ್ಸೊ ಎಂಬುದರಿಂದಲೇ ಬಂದದ್ದು. ರಕ್ತಸಂಬಂಧದ ಮಾತಲ್ಲ ಇದು, ಬರೀ ಹೆಸರಿನ ಪಯಣ. ಆದರೂ ಎಷ್ಟು ದೂರದ ಪಯಣ!

## ಭಾಷೆ ಮತ್ತು ಹಸ್ತಪ್ರತಿ

ಗಾಥಿಕ್ ಲಿಪಿಯನ್ನು ಮಾಡಿದವರು ಯಾರು?

ವುಲ್ಫಿಲ ಎಂಬ ಬಿಷಪ್, 4ನೆಯ ಶತಮಾನದವನು. ಗಾಥರು ಏಷ್ಯಾ ಮೈನರಿನ ಕಪಡೋಷಿಯದಿಂದ ಸೆರೆಹಿಡಿದು ತಂದ ಕ್ರೈಸ್ತ ಕುಟುಂಬವೊಂದರ ಸಂತತಿ. ಗಾಥರ ನಡುವೆ ಬೆಳೆದು ಗ್ರೀಕ್, ಲ್ಯಾಟಿನ್, ಗಾಥಿಕ್ ಮೂರನ್ನೂ ಬಲ್ಲವನಾಗಿದ್ದ. ಕ್ರೈಸ್ತರ ಮೇಲೆ ಕಿರುಕುಳ ಹೆಚ್ಚಾದಾಗ ತನ್ನ ಅನುಯಾಯಿಗಳನ್ನು ಕರೆದುಕೊಂಡು ಡ್ಯಾನ್ಯೂಬ್ ದಾಟಿ, ಇಂದಿನ ಬಲ್ಗೇರಿಯದ ನಿಕೊಪೊಲಿಸ್ ಬಳಿ ನೆಲೆಸಿದ. ಬೈಬಲ್ಲನ್ನು ಗ್ರೀಕ್‌ನಿಂದ ಗಾಥಿಕ್‌ಗೆ ತರಲು 27 ಅಕ್ಷರಗಳ ಲಿಪಿಯನ್ನು ರೂಪಿಸಿದ. ಹೆಚ್ಚಿನವು ಗ್ರೀಕ್ ಅಕ್ಷರಗಳನ್ನು ಆಧರಿಸಿದವು, ಕೆಲವು ಲ್ಯಾಟಿನ್ನಿನ ಮತ್ತು ಜರ್ಮಾನಿಕ್ ಜನರ ಹಳೆಯ ರೂನ್ ಲಿಪಿಯ ನೆರಳಿನವು. ಎರಡು ಅಕ್ಷರಗಳಿಗೆ ಉಚ್ಚಾರಣೆಯೇ ಇಲ್ಲ, 90 ಮತ್ತು 900 ಎಂಬ ಸಂಖ್ಯೆಗಳನ್ನು ಬರೆಯಲು ಮಾತ್ರ ಅವು. ಹಳೆಯ ಒಡಂಬಡಿಕೆಯ 'ಅರಸುಗಳು' ಭಾಗವನ್ನು ಅವನು ಅನುವಾದಿಸಲೇ ಇಲ್ಲ, ಮೊದಲೇ ಯುದ್ಧದ ಹುಚ್ಚಿನ ಜನಕ್ಕೆ ಇನ್ನಷ್ಟು ಯುದ್ಧದ ಕಥೆ ಬೇಡ ಎನ್ನಿಸಿತ್ತು ಎಂದು ಚರ್ಚಿನ ಇತಿಹಾಸಕಾರ ಫಿಲೊಸ್ಟೋರ್ಜಿಯಸ್ ಬರೆದಿದ್ದಾನೆ. ನಿಜವೋ ಕಟ್ಟುಕಥೆಯೋ, ಅನುವಾದಕನೊಬ್ಬ ಹೀಗೆ ಯೋಚಿಸಿದ ಎಂಬುದೇ ನನಗೆ ಇಷ್ಟ.

ಬೆಳ್ಳಿಯ ಪುಸ್ತಕ ಎಂದರೇನು? ಅದು ಸ್ವೀಡನ್ನಿಗೆ ಹೋದದ್ದು ಹೇಗೆ?

ಕೋಡೆಕ್ಸ್ ಅರ್ಜೆಂಟಿಯಸ್ ಎಂಬ ಹಸ್ತಪ್ರತಿ. ನೇರಳೆ ಬಣ್ಣ ಹಾಕಿದ ತೆಳು ಚರ್ಮದ ಹಾಳೆಗಳ ಮೇಲೆ ಬೆಳ್ಳಿಯ ಶಾಯಿಯಲ್ಲಿ, ನಡುನಡುವೆ ಚಿನ್ನದ ಶಾಯಿಯಲ್ಲಿ ಬರೆದ ನಾಲ್ಕು ಸುವಾರ್ತೆಗಳು. ಕ್ರಮವೂ ನಾವು ನೋಡುವಂಥದ್ದಲ್ಲ: ಮತ್ತಾಯ, ಯೋಹಾನ, ಲೂಕ, ಮಾರ್ಕ. ವುಲ್ಫಿಲನ ಕಾಲದ್ದಲ್ಲ, 6ನೆಯ ಶತಮಾನದ ಆರಂಭದಲ್ಲಿ ಥಿಯೊಡೊರಿಕ್‌ನ ರವೆನ್ನಾದಲ್ಲಿ ಮಾಡಿದ ಪ್ರತಿ.

ಆಮೇಲೆ ಸಾವಿರ ವರ್ಷ ಅದರ ಸುದ್ದಿಯೇ ಇಲ್ಲ. 16ನೆಯ ಶತಮಾನದ ನಡುವೆ ಜರ್ಮನಿಯ ವೆರ್ಡೆನ್ ಮಠದಲ್ಲಿ ಕಾಣಿಸಿಕೊಂಡಿತು. ವಿಚಿತ್ರ ವಸ್ತುಗಳನ್ನು ಕಲೆಹಾಕುತ್ತಿದ್ದ ಎರಡನೆಯ ರುಡಾಲ್ಫ್ ಚಕ್ರವರ್ತಿಯ ಕಾಲದಲ್ಲಿ ಪ್ರಾಗ್ ಸೇರಿತು. 1648ರಲ್ಲಿ ಸ್ವೀಡಿಷ್ ಸೈನ್ಯ ಪ್ರಾಗನ್ನು ಲೂಟಿ ಮಾಡಿದಾಗ ರಾಣಿ ಕ್ರಿಸ್ಟೀನಾಳ ಗ್ರಂಥಾಲಯಕ್ಕೆ ಬಂತು. ಅವಳ ಗ್ರಂಥಪಾಲಕ ಐಸಾಕ್ ವೋಸಿಯಸ್ ಅದನ್ನು ಹಾಲೆಂಡಿಗೆ ಒಯ್ದ. ಅಲ್ಲಿ ಅವನ ಸೋದರಮಾವ ಫ್ರಾನ್ಸಿಸ್ಕಸ್ ಯೂನಿಯಸ್ ಕೂತು ಓದಿ 1665ರಲ್ಲಿ ಮೊದಲ ಬಾರಿಗೆ ಮುದ್ರಿಸಿದ. ಅಷ್ಟರಲ್ಲಿ ಸ್ವೀಡನ್ನಿನ ಶ್ರೀಮಂತ ಡೆ ಲಾ ಗಾರ್ಡಿ ಪುಸ್ತಕವನ್ನು ಮರಳಿ ಕೊಂಡಿದ್ದ, 1669ರಲ್ಲಿ ಬೆಳ್ಳಿಯ ಹೊದಿಕೆ ಹಾಕಿಸಿ ಉಪ್ಸಲಾ ವಿಶ್ವವಿದ್ಯಾಲಯಕ್ಕೆ ಕೊಟ್ಟ. 336 ಹಾಳೆಗಳಲ್ಲಿ ಈಗ ಉಪ್ಸಲಾದಲ್ಲಿ ಇರುವುದು 187. ಇನ್ನೊಂದು ಹಾಳೆ, ಮಾರ್ಕನ ಸುವಾರ್ತೆಯ ಕೊನೆಯದು, 1970ರಲ್ಲಿ ಜರ್ಮನಿಯ ಶ್ಪೈಯರ್ ಚರ್ಚಿನಲ್ಲಿ ಸಂತರ ಅವಶೇಷಗಳ ಪೆಟ್ಟಿಗೆಯೊಳಗೆ ಸಿಕ್ಕಿತು. 1995ರಲ್ಲಿ ಪ್ರದರ್ಶನದಲ್ಲಿದ್ದ ಕೆಲವು ಭಾಗಗಳನ್ನು ಕಳ್ಳರು ಕದ್ದರು. ಒಂದು ತಿಂಗಳ ನಂತರ ಅವು ಸ್ಟಾಕ್‌ಹೋಮ್ ರೈಲು ನಿಲ್ದಾಣದ ಸಾಮಾನು ಪೆಟ್ಟಿಗೆಯಲ್ಲಿ ಪತ್ತೆಯಾದವು.

ಅದೊಂದೇ ಉಳಿದಿರುವುದೇ?

ಇನ್ನೂ ಚೂರುಪಾರು ಇವೆ. ಉತ್ತರ ಇಟಲಿಯ ಬೊಬ್ಬಿಯೊ ಮಠದಲ್ಲಿ ಹಳೆಯ ಗಾಥಿಕ್ ಹಾಳೆಗಳನ್ನು ಕೆರೆದು ಅಳಿಸಿ ಅದೇ ಚರ್ಮದ ಮೇಲೆ ಲ್ಯಾಟಿನ್ ಬರೆದಿದ್ದರು. 1817ರಲ್ಲಿ ಆಂಜೆಲೊ ಮಾಯಿ ಮಿಲಾನಿನಲ್ಲಿ ಅವುಗಳ ಅಡಿಯ ಬರಹವನ್ನು ಗುರುತಿಸಿದ. ಪೌಲನ ಪತ್ರಗಳ ಬಹುಭಾಗ ನಮಗೆ ದಕ್ಕಿದ್ದು ಹೀಗೆ. ಹಳೆಯ ಒಡಂಬಡಿಕೆಯಲ್ಲಿ ನೆಹೆಮೀಯನ ಪುಸ್ತಕದ ತುಣುಕು ಬಿಟ್ಟರೆ ಹೆಚ್ಚೇನೂ ಇಲ್ಲ. 'ಸ್ಕೀರೀನ್ಸ್' ಎಂದು ಕರೆಯುವ, ಯೋಹಾನನ ಸುವಾರ್ತೆಯ ವ್ಯಾಖ್ಯಾನದ ಎಂಟು ಹಾಳೆಗಳಿವೆ. 2009ರಲ್ಲಿ ಬೊಲೊನ್ಯಾದಲ್ಲಿ ಇನ್ನೊಂದು ಅಳಿಸಿದ ಬರಹ ಸಿಕ್ಕಿತು.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು 551ರ ಒಂದು ಜಮೀನು ಪತ್ರ. ಯುದ್ಧದಲ್ಲಿ ಸೋತು ಸಾಲದಲ್ಲಿ ಮುಳುಗಿದ ರವೆನ್ನಾದ ಗಾಥ್ ಚರ್ಚಿನ ಪಾದ್ರಿಗಳು ಜೌಗುನೆಲವೊಂದನ್ನು ಬಿಟ್ಟುಕೊಡುತ್ತಾರೆ. ಪತ್ರ ಲ್ಯಾಟಿನ್ನಿನಲ್ಲಿದೆ, ಕೆಲವರ ರುಜು ಮಾತ್ರ ಗಾಥಿಕ್‌ನಲ್ಲಿ. 'ಇಕ್ ಉಫಿತಹರಿ ಪಾಪ ಉಫ್‌ಮೇಲಿದ ಹಂದೌ ಮೀನೈ', ಉಫಿತಹರಿ ಎಂಬ ಪಾದ್ರಿಯಾದ ನಾನು ನನ್ನ ಕೈಯಿಂದ ಸಹಿ ಮಾಡಿದ್ದೇನೆ. ಬೆಳ್ಳಿ ಬಂಗಾರದ ಅಕ್ಷರಗಳ ನಂತರ ನಾಲ್ಕು ದಶಕದೊಳಗೆ ಆ ಚರ್ಚಿನ ಗತಿ ಇದು.

ಕೇಳಲು ಹೇಗಿತ್ತು? ಒಂದು ಸಾಲನ್ನಾದರೂ ಹೇಳಿ.

'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ಮೊದಲಾಗುವ ಪ್ರಾರ್ಥನೆ ಹೀಗಿದೆ: 'ಅತ್ತ ಉನ್ಸರ್ ಥು ಇನ್ ಹಿಮಿನಮ್, ವೀಹ್ನೈ ನಮೋ ಥೀನ್'. ಮುಂದೆ 'ಹ್ಲೈಫ್ ಉನ್ಸರನ ಥನ ಸಿಂತೀನನ್ ಗಿಫ್ ಉನ್ಸ್ ಹಿಮ್ಮ ದಗ', ನಮ್ಮ ಅನುದಿನದ ರೊಟ್ಟಿಯನ್ನು ಈ ದಿನ ನಮಗೆ ಕೊಡು. 'ಥ' ಎಂದು ಬರೆದದ್ದನ್ನು ನಮ್ಮ ಮಹಾಪ್ರಾಣದಂತೆ ಓದಬಾರದು, ಇಂಗ್ಲಿಷಿನ 'ಥಿಂಕ್' ಪದದ ಮೊದಲ ಸದ್ದಿನಂತೆ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಗಾಳಿ ಬಿಡಬೇಕು. 'ಅತ್ತ' ಎಂದರೆ ತಂದೆ. ನಮ್ಮ ಅತ್ತೆಗೂ ಇದಕ್ಕೂ ನಂಟು ಹುಡುಕಿ ಪತ್ರ ಬರೆಯುವವರು ಇದ್ದಾರೆ, ದಯವಿಟ್ಟು ಬೇಡ.

## ಇನ್ನೂ ಆಳಕ್ಕೆ

ಕನ್ನಡಕ್ಕೂ ಗಾಥಿಕ್‌ಗೂ ಸಂಬಂಧ ಇದೆಯೇ? ಸಂಸ್ಕೃತದ ಪದಗಳು ಹೊಂದುತ್ತವೆ ಎಂದು ಕೇಳಿದ್ದೇನೆ.

ಕನ್ನಡ ದ್ರಾವಿಡ ಭಾಷೆ, ಆದ್ದರಿಂದ ನೇರ ಸಂಬಂಧವಿಲ್ಲ. ಆದರೆ ಸಂಸ್ಕೃತವೂ ಗಾಥಿಕ್ಕೂ ಇಂಡೋ-ಯುರೋಪಿಯನ್ ಕುಟುಂಬದವು. ಹಾಗಾಗಿ ನಾವು ಸಂಸ್ಕೃತದಿಂದ ತಂದುಕೊಂಡ ಎಷ್ಟೋ ಪದಗಳ ದೂರದ ದಾಯಾದಿಗಳು ಅಲ್ಲಿ ಸಿಗುತ್ತವೆ. ಮಗ ಎಂಬ ಅರ್ಥದ ಸೂನುವಿಗೆ 'ಸುನುಸ್', ಮಗಳು ಎಂಬ ಅರ್ಥದ ದುಹಿತೃವಿಗೆ 'ದೊಹ್ತರ್', ವಿಧವೆಗೆ 'ವಿದುವೋ', ನೊಗ ಎಂಬ ಅರ್ಥದ ಯುಗಕ್ಕೆ 'ಯುಕ್', ದಶಕ್ಕೆ 'ತೆಹುನ್'. ವ್ಯಾಕರಣದಲ್ಲೂ ಅಷ್ಟೇ. ಸರ್ವನಾಮದಲ್ಲಿ, ಕ್ರಿಯಾಪದದಲ್ಲಿ ದ್ವಿವಚನ ಇನ್ನೂ ಉಸಿರಾಡುತ್ತಿದೆ. ಕೆಲವು ಧಾತುಗಳು ಭೂತಕಾಲದಲ್ಲಿ ಮೊದಲ ಅಕ್ಷರವನ್ನು ಇಮ್ಮಡಿಸುತ್ತವೆ: 'ಹಲ್ದನ್' ಎಂಬುದು 'ಹೆಹಲ್ದ್' ಆಗುತ್ತದೆ. ಸಂಸ್ಕೃತದ ದದರ್ಶ, ಚಕಾರಗಳನ್ನು ಕಲಿತವರಿಗೆ ಇದು ಹೊಸದೇನೂ ಅಲ್ಲ.

ಫಾದರ್, ಪಿತೃ ಹೊಂದಿಸುವ ಗ್ರಿಮ್ ನಿಯಮ ಗೊತ್ತು. ವೇದದ ಸ್ವರಕ್ಕೂ ಗಾಥಿಕ್‌ಗೂ ಸಂಬಂಧ ಎನ್ನುತ್ತಾರಲ್ಲ, ಅದೇನು?

ಭಾಷಾಶಾಸ್ತ್ರದ ಅತ್ಯಂತ ಚಂದದ ಪತ್ತೇದಾರಿ ಇದು. ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ ನಿಯಮದ ಪ್ರಕಾರ ಮೂಲದ ಪ, ತ, ಕಗಳು ಜರ್ಮಾನಿಕ್‌ನಲ್ಲಿ ಫ, ಥ, ಹ ಆಗುತ್ತವೆ. ಸಂಸ್ಕೃತದ ಭ್ರಾತಾ ಗಾಥಿಕ್‌ನಲ್ಲಿ 'ಬ್ರೋಥರ್', ತ ಹೋಗಿ ಥ ಬಂದಿದೆ, ಸರಿ. ಆದರೆ ಪಿತಾ ಎಂಬುದು 'ಫಥರ್' ಆಗಬೇಕಿತ್ತು, ಇರುವುದು 'ಫದರ್'. ಒಂದೇ ತಕಾರ, ಒಂದು ಕಡೆ ಥ, ಇನ್ನೊಂದು ಕಡೆ ದ. ಅಪವಾದ ಎಂದು ಕೈಬಿಟ್ಟಿದ್ದರು.

ಡೆನ್ಮಾರ್ಕಿನ ಕಾರ್ಲ್ ವೆರ್ನರ್ 1870ರ ದಶಕದಲ್ಲಿ ಇದಕ್ಕೆ ಉತ್ತರ ಕಂಡುಕೊಂಡ. ಉತ್ತರ ಇದ್ದದ್ದು ಯುರೋಪಿನಲ್ಲಲ್ಲ, ವೇದಪಾಠದಲ್ಲಿ. ಋಗ್ವೇದದ ಭ್ರಾತಾ ಶಬ್ದದಲ್ಲಿ ಉದಾತ್ತ, ಅಂದರೆ ಏರುದನಿ, ಮೊದಲ ಅಕ್ಷರದ ಮೇಲೆ, ಪಿತಾ ಶಬ್ದದಲ್ಲಿ ಎರಡನೆಯದರ ಮೇಲೆ. ತಕಾರದ ಹಿಂದಿನ ಸ್ವರಕ್ಕೆ ಉದಾತ್ತ ಇದ್ದರೆ ಥ ಉಳಿಯಿತು, ಇಲ್ಲದಿದ್ದರೆ ದ ಆಯಿತು. ಗಾಥಿಕ್ ತನ್ನ ಹಳೆಯ ಸ್ವರಾಘಾತವನ್ನು ಎಂದೋ ಕಳೆದುಕೊಂಡಿತ್ತು, ಆದರೆ ಅದು ಒತ್ತಿಹೋದ ಗುರುತು ವ್ಯಂಜನದಲ್ಲಿ ಉಳಿದಿತ್ತು. ಅದನ್ನು ಓದುವ ಕೀಲಿಯನ್ನು ಬಾಯಿಂದ ಬಾಯಿಗೆ ಸ್ವರ ತಪ್ಪದಂತೆ ಒಪ್ಪಿಸಿದ ವೇದಪಾಠಿಗಳು ಕಾಪಾಡಿದ್ದರು. ಇನ್ನೊಂದು ಸಂಗತಿ: ವುಲ್ಫಿಲನ ಬೈಬಲ್ಲಿನಲ್ಲಿ ತಂದೆಗೆ ಎಲ್ಲೆಲ್ಲೂ 'ಅತ್ತ' ಎಂದೇ ಇದೆ. 'ಫದರ್' ಬರುವುದು ಒಂದೇ ಒಂದು ಸಲ, ಗಲಾತ್ಯದವರಿಗೆ ಬರೆದ ಪತ್ರದಲ್ಲಿ.

ಎಲ್ಲವೂ ಅನುವಾದವೇ ಆದರೆ, ಗಾಥರು ನಿಜಕ್ಕೂ ಹೀಗೆ ಮಾತಾಡುತ್ತಿದ್ದರು ಎಂದು ಹೇಗೆ ನಂಬುವುದು?

ಪದರೂಪಗಳನ್ನು ನಂಬಬಹುದು, ವಾಕ್ಯರಚನೆಯನ್ನು ಎಚ್ಚರದಿಂದ. ವುಲ್ಫಿಲನ ಪಠ್ಯ ಗ್ರೀಕ್ ಮೂಲವನ್ನು ಪದಕ್ಕೆ ಪದ ಹಿಂಬಾಲಿಸುತ್ತದೆ. ಪದಗಳ ಕ್ರಮ ಬಹುತೇಕ ಗ್ರೀಕ್‌ನದೇ. ಎಲ್ಲಿ ಅವನು ಗ್ರೀಕ್‌ನಿಂದ ಸರಿಯುತ್ತಾನೋ ಅಲ್ಲಿ ವಿದ್ವಾಂಸರು ಕಿವಿ ನಿಮಿರಿಸುತ್ತಾರೆ. ಒಂದು ಗ್ರೀಕ್ ಕ್ರಿಯಾಪದಕ್ಕೆ ಎರಡು ಗಾಥಿಕ್ ಪದ ಬಳಸಿದಾಗ, ಇಬ್ಬರ ಬಗ್ಗೆ ಮಾತು ಬಂದಾಗ ಗ್ರೀಕ್‌ನಲ್ಲಿ ಬಹುವಚನವಿದ್ದರೂ ತಾನು ದ್ವಿವಚನ ಬಳಸಿದಾಗ, ಅಲ್ಲಿ ಕೇಳಿಸುವುದು ನಿಜವಾದ ಗಾಥಿಕ್. ಹಾಡು, ಬೈಗುಳ, ಅಡುಗೆಮನೆಯ ಮಾತು ಇವು ಯಾವುವೂ ಇಲ್ಲ. ಗಾಥರ ವೀರಗೀತೆಗಳ ಬಗ್ಗೆ ರೋಮನ್ನರು ಬರೆದಿದ್ದಾರೆ, ಒಂದು ಸಾಲೂ ಉಳಿದಿಲ್ಲ.

ಭಾಷೆ ಯಾವಾಗ ಸತ್ತಿತು? ಕ್ರೈಮಿಯದಲ್ಲಿ ಬಹಳ ಕಾಲ ಇತ್ತು ಎನ್ನುವುದು ನಿಜವೇ?

ನಿಜ. ಪಶ್ಚಿಮಕ್ಕೆ ಹೋಗದ ಒಂದು ಗುಂಪು ಕ್ರೈಮಿಯದ ಗುಡ್ಡಗಳಲ್ಲೇ ಉಳಿಯಿತು. ಅಲ್ಲಿನ ಮಂಗುಪ್ ಕೋಟೆಯ ಚರ್ಚಿನಲ್ಲಿ ಸಿಕ್ಕ ಕಲ್ಲುಗಳ ಮೇಲೆ ಗಾಥಿಕ್ ಲಿಪಿಯ ಗೀಚುಬರಹಗಳಿವೆ ಎಂಬುದು 2015ರಲ್ಲಿ ಬೆಳಕಿಗೆ ಬಂತು. ಸುಮಾರು 9–10ನೆಯ ಶತಮಾನದವು, ಬೈಬಲ್ಲಿನ ಕೀರ್ತನೆಯ ಸಾಲುಗಳೂ ಅದರಲ್ಲಿವೆ. ಇಟಲಿಯಲ್ಲಿ ಯಾರೂ ಓದದಿದ್ದ ಲಿಪಿ ಅಲ್ಲಿ ಜೀವಂತವಾಗಿತ್ತು. 1475ರಲ್ಲಿ ಮಂಗುಪ್ ಅಟೊಮನ್ ತುರ್ಕರ ವಶವಾಯಿತು.

ಅದರ ನಂತರವೂ ಭಾಷೆ ಇತ್ತು. ಅಟೊಮನ್ ಸುಲ್ತಾನ ಸುಲೇಮಾನನ ಆಸ್ಥಾನಕ್ಕೆ ರಾಯಭಾರಿಯಾಗಿ ಹೋಗಿದ್ದ ಫ್ಲಾಂಡರ್ಸ್‌ನ ಬುಸ್ಬೆಕ್ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕ್ರೈಮಿಯದ ಇಬ್ಬರನ್ನು ಕರೆಸಿ ಮಾತಾಡಿಸಿದ. ಗಾಥ್ ಮೂಲದವನು ತನ್ನ ಭಾಷೆಯನ್ನು ಮರೆತಿದ್ದ. ಗ್ರೀಕ್ ಮೂಲದವನಿಗೆ ಅದು ಬರುತ್ತಿತ್ತು! 1562ರ ಪತ್ರದಲ್ಲಿ ಬುಸ್ಬೆಕ್ ಸುಮಾರು 80 ಪದಗಳನ್ನೂ ಒಂದು ಹಾಡನ್ನೂ ಬರೆದಿಟ್ಟ. ರಕ್ತಕ್ಕೆ 'ಪ್ಲುಟ್', ಮಳೆಗೆ 'ರೆಘೆನ್', ಮೊಟ್ಟೆಗೆ 'ಅದ'. ಆ ಹಾಡಿನ ಅರ್ಥ ಇನ್ನೂ ಯಾರಿಗೂ ಒಪ್ಪಿಗೆಯಾಗುವಂತೆ ಬಿಡಿಸಿಲ್ಲ. ಇದು ವುಲ್ಫಿಲನ ಗಾಥಿಕ್‌ನ ನೇರ ಮಗುವಲ್ಲ, ಅದೇ ಪೂರ್ವ ಕವಲಿನ ಇನ್ನೊಂದು ನುಡಿ.

ಗಾಥರ ಮೂಲ ಸ್ವೀಡನ್ ಎಂಬುದು ಸಾಬೀತಾಗಿದೆಯೇ?

551ರಲ್ಲಿ ಯೋರ್ಡಾನೆಸ್ ಎಂಬಾತ ಬರೆದ ಗಾಥರ ಚರಿತ್ರೆಯಲ್ಲಿ, ಬೆರಿಗ್ ಎಂಬ ದೊರೆ ಮೂರು ಹಡಗುಗಳಲ್ಲಿ ಸ್ಕಾಂಡ್ಜಾ (ಸ್ಕಾಂಡಿನೇವಿಯಾ) ದ್ವೀಪದಿಂದ ಬಂದ ಎಂಬ ಕಥೆ ಇದೆ. ಘಟನೆ ನಡೆದಿದ್ದರೂ ಅವನು ಬರೆಯುವ ಹೊತ್ತಿಗೆ ಐದಾರು ಶತಮಾನ ಹಳತಾಗಿತ್ತು. ಉತ್ಖನನ ಹೇಳುವುದು ಇಷ್ಟು: ಪೋಲೆಂಡಿನ ವಿಸ್ಟುಲಾ ನದಿಯ ಕೆಳಭಾಗದ ವಿಯೆಲ್‌ಬಾರ್ಕ್ ಸಂಸ್ಕೃತಿಯ ರೂಢಿಗಳು ಮೆಲ್ಲಗೆ ಆಗ್ನೇಯಕ್ಕೆ ಹರಡಿ, ಕಪ್ಪು ಸಮುದ್ರದ ಬಳಿ ಚೆರ್ನ್ಯಾಖೊವ್ ಸಂಸ್ಕೃತಿಯಲ್ಲಿ ಬೇರೆಯವರ ರೂಢಿಗಳ ಜೊತೆ ಬೆರೆಯುತ್ತವೆ. ಅದಕ್ಕಿಂತ ಹಿಂದಿನ ಹಡಗುಗಳನ್ನು ನಾನು ದಂತಕಥೆಯ ಲೆಕ್ಕಕ್ಕೆ ಬಿಡುತ್ತೇನೆ.

ಈ ದಂತಕಥೆಗೆ ರಾಜಕೀಯದ ಆಯುಷ್ಯ ಮಾತ್ರ ದೀರ್ಘ. 1434ರ ಬಾಸೆಲ್ ಧರ್ಮಸಭೆಯಲ್ಲಿ ಸ್ವೀಡನ್ನಿನ ಬಿಷಪ್ ಒಬ್ಬ, ತನ್ನ ದೊರೆ ಗಾಥರ ವಾರಸುದಾರ, ಆದ್ದರಿಂದ ತನಗೆ ಮೇಲಿನ ಆಸನ ಬೇಕು ಎಂದು ಜಗಳ ತೆಗೆದ. ಧೈರ್ಯವಂತ ಗಾಥರು ನಮ್ಮ ಕಡೆ ಬಂದರು, ಮನೆಯಲ್ಲಿ ಕುಳಿತವರು ನಿಮ್ಮವರು ಎಂದು ಸ್ಪೇನಿನವರು ತಿರುಗೇಟು ಕೊಟ್ಟರು. ನಗು ಬರುವ ಕಥೆ ಇಲ್ಲಿಗೆ ಮುಗಿಯುತ್ತದೆ. 20ನೆಯ ಶತಮಾನದಲ್ಲಿ ನಾಜಿಗಳು ಕ್ರೈಮಿಯವನ್ನು 'ಗಾಥರ ನಾಡು' ಎಂದು ಕರೆದು, ಅಲ್ಲಿದ್ದ ಜನರನ್ನು ಹೊರಹಾಕಿ ಜರ್ಮನ್ನರನ್ನು ತುಂಬುವ ಯೋಜನೆ ಹಾಕಿದರು. ಸೆವಾಸ್ಟೊಪೊಲ್‌ಗೆ ಥಿಯೊಡೊರಿಕ್‌ನ ಹೆಸರನ್ನೂ ಗೊತ್ತುಮಾಡಿದ್ದರು.

ಗಾಥರು ಭಾರತಕ್ಕೂ ಬಂದಿದ್ದರು ಎಂದು ಎಲ್ಲೋ ಓದಿದೆ. ಹೌದೇ?

ಮಹಾರಾಷ್ಟ್ರದ ಜುನ್ನರ್ ಗುಹೆಗಳಲ್ಲಿ ಬೌದ್ಧ ಸಂಘಕ್ಕೆ ದಾನ ಕೊಟ್ಟ ಇಬ್ಬರು ಯವನರ ಪ್ರಾಕೃತ ಶಾಸನಗಳಿವೆ. ಒಬ್ಬನ ಹೆಸರು ಇರಿಲ, ಇನ್ನೊಬ್ಬನದು ಚಿಟ. ಇಬ್ಬರ ಹೆಸರಿನ ಜೊತೆಯೂ 'ಗತ' ಎಂಬ ಪದದ ರೂಪವಿದೆ. ನಾರ್ವೆಯ ವಿದ್ವಾಂಸ ಸ್ಟೆನ್ ಕೊನೊವ್ 20ನೆಯ ಶತಮಾನದ ಆರಂಭದಲ್ಲಿ ಇದನ್ನು ಗಾಥ್ ಎಂದು ಓದಬಹುದೆಂದ. ರೋಮಿನ ಹಡಗುಗಳು ಈ ಕರಾವಳಿಗೆ ಬರುತ್ತಿದ್ದ ಕಾಲ ಅದಾದ್ದರಿಂದ ಅಸಾಧ್ಯವೇನಲ್ಲ. ಆದರೆ ಎರಡು ಅಕ್ಷರದ ಹೋಲಿಕೆಯ ಮೇಲೆ ಇಷ್ಟು ದೊಡ್ಡ ಮನೆ ಕಟ್ಟಲಾಗದು. ಅದು ಊಹೆಯಾಗಿಯೇ ಉಳಿದಿದೆ.

ಈಗ ಕಲಿಯಬೇಕೆಂದರೆ ಸಾಧ್ಯವೇ?

ಸಾಧ್ಯ. ಸಂಸ್ಕೃತದ ಶಬ್ದರೂಪಗಳನ್ನು ಒಮ್ಮೆ ಉರು ಹೊಡೆದವರಿಗೆ ಅರ್ಧ ದಾರಿ ಸವೆದಂತೆಯೇ. ನಾಲ್ಕು ಮುಖ್ಯ ವಿಭಕ್ತಿಗಳು, ಮೂರು ಲಿಂಗಗಳು, ಎರಡು ಕಾಲಗಳು. ಮಾರ್ಕನ ಸುವಾರ್ತೆಯಿಂದ ಆರಂಭಿಸಿ, ಪಕ್ಕದಲ್ಲಿ ಕನ್ನಡ ಬೈಬಲ್ ತೆರೆದಿಟ್ಟುಕೊಳ್ಳಿ. ವಾಕ್ಯಗಳು ಚಿಕ್ಕವು, ಕಥೆ ಗೊತ್ತಿರುವಂಥದ್ದು. ಇಂದಿಗೆ ಉಳಿದಿರುವ ಗಾಥಿಕ್ ಪಠ್ಯಗಳೆಲ್ಲ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. 2001ರಿಂದ ಯುನಿಕೋಡ್‌ನಲ್ಲಿ ಗಾಥಿಕ್ ಲಿಪಿಗೂ ಜಾಗವಿದೆ. ಆದರೆ ಮೊದಲಿಗೆ ರೋಮನ್ ಲಿಪ್ಯಂತರದಲ್ಲೇ ಓದುವುದು ಮೇಲು, ಪಠ್ಯಪುಸ್ತಕಗಳೂ ನಿಘಂಟುಗಳೂ ಬಳಸುವುದು ಅದನ್ನೇ.